ಅನ್ವರ್ಥನಾಮವು ಅಂಕಿತನಾಮವಾದ ಬಗೆ: ಅಸಗ, ಮಡಿವಾಳ, ಗೊಲ್ಲಾಳ

ಕನ್ನಡ ಕವಿತೆಯಲ್ಲಿ ತಾನು ಅಸಗನಿಗಿಂತ ನೂರ್ಮಡಿ ಮೇಲಾದವನೆಂದು ಪೊನ್ನನು ಹೇಳಿಕೊಂಡಿರುವನು. ಹೀಗೆ ಹೋಲಿಕೆಗೆ ಪಾತ್ರನಾದ ಆ ಅಸಗನ ಕನ್ನಡ ಗ್ರಂಥಗಳಲ್ಲಿ ಒಂದೂ ಇಂದು ಉಳಿದಿಲ್ಲ. ಆತನು ಕುಮಾರಸಂಭವವನ್ನು ಕನ್ನಡದಲ್ಲಿ ಬರೆದಿದ್ದನೆಂಬುದು ಜಯಕೀರ್ತಿಯ ಛಂದೋನುಶಾಸನದಿಂದ ತಿಳಿಯುವುದು. ೧೩ನೆಯ ಶತಮಾನದ ಕೇಶಿರಾಜನು ತನ್ನ ಲಕ್ಷಣಕ್ಕೆ ಲಕ್ಷ್ಯವಾದ ಪೂರ್ವಕವಿಗಳನ್ನು ಎಣಿಸುವಾಗ ಅಸಗನನ್ನೂ ಎಣಿಸಿರುವನು. ನಮ್ಮ ಕಾಲದವರೆಗೆ ಉಳಿದು ಬಂದಿರುವ ಆತನ ಮುಖ್ಯ ಕೃತಿ ಸಂಸ್ಕೃತದ ವರ್ಧಮಾನಚರಿತೆ. ಅದರ ಪ್ರಶಸ್ತಿಯಲ್ಲಿ ಕವಿಯು ತಂದೆಯಾದ ಪಟುಮತಿಯನ್ನೂ ತಾಯಿಯಾದ ವೈರೇತಿಯನ್ನೂ ಸ್ಮರಿಸಿ, ಚೋಳವಿಷಯದ ವಿರಲಾ ನಗರಿಯಲ್ಲಿ ಶ್ರೀನಾಥನೆಂಬ ಅರಸನ ಆಳ್ವಿಕೆಯಲ್ಲಿ ತಾನು ಎಂಟು ಗ್ರಂಥಗಳನ್ನು ರಚಿಸಿದುದಾಗಿ ಹೇಳಿರುವನು. ಗ್ರಂಥದ ಕಾಲವು ೯೧೦ನೆಯ ವರ್ಷ. ಇದನ್ನು ಶಕವರ್ಷವೆಂದು ತಿಳಿದರೆ ಕ್ರಿ. ಶ. ೯೮೮ ಆಗುವುದು; ಆದರೆ ೧೦ನೆಯ ಶತಮಾನದ ನಡುವಿನಲ್ಲಿದ್ದ ಪೊನ್ನನಿಗೆ ಅಸಗನು ಆಗಲೇ ಹಳೆಯ ಕವಿಯಾಗಿದ್ದನಾದ ಕಾರಣ, ಅದು ವಿಕ್ರಮಶಕೆಯ ೯೧೦, ಎಂದರೆ ಕ್ರಿ. ಶ. ೮೫೩ ಎಂದು ಗ್ರಹಿಸುವುದೇ ಯುಕ್ತ. ಆಗ ರಾಷ್ಟ್ರಕೂಟ ನೃಪತುಂಗನ ಕಾಲ.

ಕಾಲದ ತೊಡಕು ಹೀಗೆ ಬಿಡಿಸಿತು. ಹೆಸರಿನ ತೊಡಕು ಇನ್ನೂ ಉಳಿದಿದೆ. ಅಸಗನೆಂದರೆ ಹಳಗನ್ನಡದಲ್ಲಿ ಬಟ್ಟೆ ಒಗೆಯುವವನು. ಈಗಿನ ‘ಅಗಸ’ ಎಂಬುದು ಅದರ ವರ್ಣಪಲ್ಲಟ. ಜೈನ ಶ್ರಾವಕ ದಂಪತಿಗಳು ತಮ್ಮ ಮಗನಿಗೆ ಈ ಹೆಸರನ್ನು ಏಕೆ ಇಟ್ಟರು? ಈ ಪ್ರಶ್ನೆಗೆ ಉತ್ತರ ಹುಡುಕಹೊರಟವರಲ್ಲಿ ಕೆಲವರು ಪ್ರಶ್ನೆಯನ್ನೇ ಇಲ್ಲವಾಗಿಸಿದರು. ಅಸಗವು ‘ಅಸಂಗ’ ಎಂಬುದರ ತದ್ಭವವೆಂದು ಒಂದು ಮತ. ‘ಅಶೋಕ’ದ ತದ್ಭವವೆಂದು ಇನ್ನೊಂದು. ಇವೆರಡರಲ್ಲಿ ಯಾವುದನ್ನು ಹಿಡಿದರೂ ಕವಿಯ ಹೆಸರಿನಿಂದ ಅಗಸನ ಮೂಟೆ ಇಳಿಯುವುದು. ಮತ್ತೆ ಕೆಲವರು ಹೆಸರನ್ನು ಇದ್ದಂತೆಯೇ ಹಿಡಿದು, ಕವಿಯು ಜಾತಿಯಿಂದ ಅಗಸನೇ ಸರಿ ಎಂದು ತೀರ್ಮಾನಿಸಿದರು. ಮೊದಲಿನವರಿಗೆ ಹೆಸರಿನ ಅರ್ಥ ಸಹಿಸಲಿಲ್ಲ. ಎರಡನೆಯವರಿಗೆ ಅದೊಂದೇ ಸಾಕ್ಷ್ಯವಾಗಿ ಸಾಕಾಯಿತು. ಎರಡು ಪಕ್ಷಗಳೂ ಒಂದು ಮಾತನ್ನು ವಿಚಾರವಿಲ್ಲದೆ ಒಪ್ಪಿಕೊಂಡಿವೆ: ಕಸುಬಿನ ಹೆಸರನ್ನು ಹೊತ್ತವನು ಆ ಕಸುಬಿನವನೇ ಆಗಿರಬೇಕೆಂಬುದು. ಈ ಮಾತು ಕನ್ನಡನಾಡಿನ ನಾಮಕರಣದ ರೂಢಿಗೆ ಎಷ್ಟರ ಮಟ್ಟಿಗೆ ಒಪ್ಪುವುದೆಂಬುದೇ ಇಲ್ಲಿಯ ವಿಚಾರ.

ಮೊದಲು ತದ್ಭವದ ಮಾತು. ತದ್ಭವವಾದ ಹೆಸರುಗಳು ಕವಿಗಳಲ್ಲಿ ಇಲ್ಲವೆಂದಲ್ಲ. ರತ್ನವೇ ರನ್ನವಾಗಿ ಒಬ್ಬ ಕವಿಚಕ್ರವರ್ತಿಯ ಹೆಸರಾಯಿತು. ಆದರೆ ಅಶೋಕವು ಕನ್ನಡದ ಬಾಯಲ್ಲಿ ಏನಾಗುವುದೆಂಬುದು ಕಾವ್ಯಗಳಿಂದಲೇ ಗೊತ್ತಿದೆ: ಅದು ‘ಅಸುಗೆ’ ಆಗುವುದು, ‘ಅಸಗ’ ಆಗದು. ಅಸಂಗವೆಂಬಲ್ಲಿ ಅನುಸ್ವಾರವು ಸುಮ್ಮನೆ ಬಿದ್ದುಹೋಗಲು ಕಾರಣ ಕಾಣದು. ಶೃಂಖಲೆಯು ಸಂಕಲೆಯಾದಾಗಲೂ ಅನುನಾಸಿಕವು ಉಳಿದೇ ಇದೆ. ಇವೆರಡಕ್ಕಿಂತ ಬಲವಾದ ಆಕ್ಷೇಪವೊಂದುಂಟು. ಕವಿಯು ತನ್ನ ಹೆಸರನ್ನು ‘ಅಸಗ’ ಎಂದು ಬರೆದಿರುವುದು ಸಂಸ್ಕೃತ ಕಾವ್ಯದಲ್ಲಿ. ಹದಿನೆಂಟು ಸರ್ಗಗಳ ಮಹಾಕಾವ್ಯವನ್ನು ಕಟ್ಟಬಲ್ಲ ವಿದ್ವಾಂಸನಿಗೆ ತನ್ನ ಹೆಸರಿನ ಹಿಂದೆ ಅಶೋಕವೋ ಅಸಂಗವೋ ಇದ್ದಿದ್ದರೆ, ಅದು ನೆನಪಿನಲ್ಲಿದ್ದು, ಪ್ರಶಸ್ತಿಯಲ್ಲಿ ತತ್ಸಮ ರೂಪವನ್ನೇ ಬಳಸುವುದಕ್ಕೆ ಏನು ಅಡ್ಡಿ? ಆತನು ಹಾಗೆ ಮಾಡಲಿಲ್ಲ. ಅಪ್ಪಟ ಕನ್ನಡ ಶಬ್ದವನ್ನು ಗೀರ್ವಾಣವಾಣಿಯ ನಡುವೆ ನಾಚಿಕೆಯಿಲ್ಲದೆ ನಿಲ್ಲಿಸಿದನು. ಆದುದರಿಂದ ಹೆಸರು ಅಗಸನದೇ ಎಂದು ಒಪ್ಪುವುದು ಸಮಂಜಸವಾಗಿದೆ.

ಹೆಸರು ಅಗಸನದಾದರೆ ಮನುಷ್ಯನೂ ಅಗಸನೇ? ನಮ್ಮ ವೈಯಾಕರಣರು ನಾಮಗಳನ್ನು ರೂಢ, ಅನ್ವರ್ಥ, ಅಂಕಿತ ಎಂದು ಮೂರಾಗಿ ವಿಭಾಗಿಸಿರುವರು. ಕಸುಬಿನಿಂದ ಬಂದುದು ಅನ್ವರ್ಥ. ಗುರುತಿಗಾಗಿ ಇಟ್ಟುದು ಅಂಕಿತ. ಶಾಲೆಯ ಪಾಠದಲ್ಲಿ ಇವು ಬೇರೆಬೇರೆ ಗೂಡುಗಳಲ್ಲಿ ಕುಳಿತಿರುವುವು. ಲೋಕದಲ್ಲಿ ಮಾತ್ರ ಒಂದು ಗೂಡಿನ ಹಕ್ಕಿ ಇನ್ನೊಂದರಲ್ಲಿ ಮರಿ ಮಾಡುವುದು ಸಾಮಾನ್ಯ.

ಶಿಲ್ಪಿಗಳ ಹೆಸರುಗಳನ್ನು ನೋಡಬಹುದು. ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಬಳ್ಳಿಗಾವೆಯ ದಾಸೋಜನೂ ಆತನ ಮಗ ಚಾವಣನೂ ತಮ್ಮ ಹೆಸರುಗಳನ್ನು ಕೆತ್ತಿರುವರು. ‘ಓಜ’ ಎಂಬುದು ಉಪಾಧ್ಯಾಯ ಶಬ್ದದಿಂದ ಇಳಿದು ಬಂದು ಕುಶಲಕರ್ಮಿಗಳ ಹೆಸರಿಗೆ ಅಂಟಿಕೊಂಡ ಪ್ರತ್ಯಯ. ತಂದೆಯು ಓಜ, ಮಗನ ಹೆಸರಿನಲ್ಲಿ ಓಜವಿಲ್ಲ. ಆದರೂ ಮಗನು ಶಿಲ್ಪಿಯೇ. ಹೊಯ್ಸಳ ಶಿಲ್ಪಿಯಾದ ಮಲ್ಲಿತಮ್ಮನಿಗೆ ‘ರೂವಾರಿ’ ಎಂಬುದು ಹೆಸರಿನ ಹಿಂದೆ ಬರುವ ವಿಶೇಷಣ ಮಾತ್ರ. ಪಟ್ಟದಕಲ್ಲಿನಲ್ಲಿ ವಿರೂಪಾಕ್ಷ ದೇವಾಲಯವನ್ನು ಕಟ್ಟಿದ ಸೂತ್ರಧಾರಿಯ ಹೆಸರು ಗುಂಡ. ಕಲ್ಲಿನೊಡನೆ ಬಾಳಿದವನಿಗೆ ಇದು ಒಪ್ಪುವ ಹೆಸರೆಂದು ತೋರಿದರೂ, ಅದು ಕಸುಬಿನಿಂದ ಬಂದುದಲ್ಲ. ಗುಂಡನೆಂಬ ಹೆಸರು ಕಲ್ಲು ಕಡಿಯದವರ ಮನೆಗಳಲ್ಲಿಯೂ ಹೇರಳವಾಗಿದೆ. ಹೆಸರಿನಿಂದ ಕಸುಬನ್ನು ಊಹಿಸುವವರು ಇಂತಹ ಕಡೆಗಳಲ್ಲಿ ಎಚ್ಚರದಿಂದಿರಬೇಕಾಗುವುದು.

ಈ ವಿಚಾರಕ್ಕೆ ಅತ್ಯಂತ ಸಮೃದ್ಧವಾದ ಸಾಮಗ್ರಿ ದೊರೆಯುವುದು ೧೨ನೆಯ ಶತಮಾನದ ಶರಣರಲ್ಲಿ. ಕಾಯಕವನ್ನು ಹೆಸರಿನ ಮುಂಭಾಗದಲ್ಲಿಯೇ ನಿಲ್ಲಿಸಿದ ಸಮುದಾಯವದು. ಫ. ಗು. ಹಳಕಟ್ಟಿಯವರು ೧೯೨೩ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದಂದಿನಿಂದ ಈ ಹೆಸರುಗಳು ವಿದ್ವಾಂಸರಿಗೆಲ್ಲ ಬಾಯಿಪಾಠವಾಗಿವೆ. ಆದರೆ ಅವುಗಳ ವ್ಯಾಕರಣವನ್ನು ಒಮ್ಮೆ ಪರಿಶೀಲಿಸಿದರೆ ಅವೆಲ್ಲ ಒಂದೇ ಬಗೆಯವಲ್ಲವೆಂಬುದು ಗೋಚರಿಸುವುದು. ಅಂಬಿಗರ ಚೌಡಯ್ಯ, ಜೇಡರ ದಾಸಿಮಯ್ಯ, ಮೇದರ ಕೇತಯ್ಯ ಎಂಬಲ್ಲಿ ಮೊದಲ ಪದವು ಬಹುವಚನದ ಷಷ್ಠಿ. ಅಂಬಿಗರ ಕುಲಕ್ಕೆ ಸೇರಿದ ಚೌಡಯ್ಯ, ಜೇಡರ ಪೈಕಿ ದಾಸಿಮಯ್ಯ ಎಂದರ್ಥ. ಹಡಪದ ಅಪ್ಪಣ್ಣ, ಸುಂಕದ ಬಂಕಣ್ಣ, ಗಾಣದ ಕಣ್ಣಪ್ಪ, ನುಲಿಯ ಚಂದಯ್ಯ, ಮೋಳಿಗೆಯ ಮಾರಯ್ಯ ಎಂಬಲ್ಲಿಯೂ ಷಷ್ಠಿಯೇ. ಆದರೆ ಅದು ಜನರ ಷಷ್ಠಿಯಲ್ಲ, ವಸ್ತುವಿನ ಷಷ್ಠಿ. ಎಲೆಯಡಕೆಯ ಚೀಲ, ಸುಂಕದ ಕಟ್ಟೆ, ಎಣ್ಣೆಯ ಗಾಣ, ಹೊಸೆದ ಹಗ್ಗ, ಸೌದೆಯ ಹೊರೆ ಇವುಗಳೇ ಇಲ್ಲಿ ಮನುಷ್ಯನನ್ನು ಗುರುತಿಸುವುವು. ಕುಲವನ್ನು ಹೇಳದೆ ಕೈಯಲ್ಲಿರುವುದನ್ನು ಹೇಳುವ ಈ ಎರಡನೆಯ ಬಗೆಯು ಕಾಯಕತತ್ತ್ವಕ್ಕೆ ಹೆಚ್ಚು ಸಮೀಪವಾದುದು. ಮಡಿವಾಳ ಮಾಚಯ್ಯ, ಒಕ್ಕಲಿಗ ಮುದ್ದಣ್ಣ, ತುರುಗಾಹಿ ರಾಮಣ್ಣ, ವೈದ್ಯ ಸಂಗಣ್ಣ, ಬಹುರೂಪಿ ಚೌಡಯ್ಯ ಎಂಬುವು ಮೂರನೆಯ ಬಗೆ. ಇಲ್ಲಿ ಷಷ್ಠಿಯಿಲ್ಲ. ಕಸುಬಿನ ಪದವು ತಾನೇ ಪ್ರಥಮೆಯಾಗಿ, ಹೆಸರಿನೊಡನೆ ಸಮಾನಾಧಿಕರಣವಾಗಿ ನಿಂತಿದೆ.

ಮೊದಲ ಬಗೆಯ ಪೂರ್ವಪದವು ವಿದ್ವಾಂಸರಿಗೆ ಕೊಟ್ಟ ತೊಂದರೆ ಪ್ರಸಿದ್ಧವಾದುದು. ಜೇಡರ ದಾಸಿಮಯ್ಯನೂ ದೇವರ ದಾಸಿಮಯ್ಯನೂ ಒಬ್ಬನೇ, ಇಬ್ಬರೇ ಎಂಬ ವಿವಾದವು ಕೇವಲ ಒಂದು ಪದದ ಮೇಲೆ ನಿಂತಿರುವುದು. ‘ಜೇಡರ’ ಎಂಬುದನ್ನು ಮನುಷ್ಯನ ಗುರುತೆಂದು ಕೊಂಡವರಿಗೆ ಇಬ್ಬರು. ಅದು ಅಂಟಿಸಿದ ವಿಶೇಷಣವೆಂದು ಕೊಂಡವರಿಗೆ ಒಬ್ಬನೇ. ಚೌಡಯ್ಯನಾದರೋ ಇಂತಹ ಗೊಂದಲಕ್ಕೆ ಎಡೆಗೊಡಲಿಲ್ಲ. ಇತರ ಶರಣರು ಇಷ್ಟದೈವದ ಹೆಸರನ್ನು ವಚನದ ಮುದ್ರಿಕೆಯಾಗಿಸಿಕೊಂಡರೆ, ಆತನು ‘ಅಂಬಿಗರ ಚೌಡಯ್ಯ’ ಎಂದು ತನ್ನ ಹೆಸರನ್ನೇ, ಅದೂ ಕುಲದ ಕಸುಬು ಸಹಿತವಾಗಿ, ವಚನವಚನಕ್ಕೂ ಒತ್ತಿದನು. ಮಾದಾರ ಚೆನ್ನಯ್ಯನದೆಂದು ಪ್ರಸಿದ್ಧವಾದ ಮುದ್ರಿಕೆಯಲ್ಲಿ ಉಳಿ, ಕತ್ತಿ, ಅಡಿಗೂಂಟಗಳು ಕಾಣಿಸಿಕೊಳ್ಳುವುದೂ ಇದೇ ಧೈರ್ಯದ ಇನ್ನೊಂದು ರೂಪ.

ಇಷ್ಟು ವಿಂಗಡಣೆಯಿಂದ ಏನು ಪ್ರಯೋಜನವೆಂದರೆ: ಈ ಮೂರು ಬಗೆಗಳಲ್ಲಿ ತೊಟ್ಟಿಲ ಕೂಸಿನ ಹೆಸರಾಗಬಲ್ಲದು ಮೂರನೆಯದು ಮಾತ್ರ. ಕನ್ನಡದಲ್ಲಿ ಗಂಡು ಹೆಸರು ಪೂರ್ತಿಯಾಗಲು ಅಪ್ಪ, ಅಯ್ಯ, ಅಣ್ಣಗಳಲ್ಲಿ ಒಂದು ಬಂದು ಸೇರಬೇಕು. ಷಷ್ಠಿಯ ಮೇಲೆ ಇವು ಸೇರಲಾರವು. ‘ಹಡಪದಪ್ಪ’, ‘ಅಂಬಿಗರಪ್ಪ’ ಎಂದು ಯಾರೂ ಕೂಸನ್ನು ಕರೆಯರು. ಪ್ರಥಮೆಯಲ್ಲಿ ನಿಂತ ಪದಕ್ಕೆ ಈ ಅಡ್ಡಿಯಿಲ್ಲ. ಮಡಿವಾಳನ ಮೇಲೆ ಅಪ್ಪ ಸೇರಿ ಮಡಿವಾಳಪ್ಪ, ಅಯ್ಯ ಸೇರಿ ಮಡಿವಾಳಯ್ಯ, ಹೆಣ್ಣಾದರೆ ಮಡಿವಾಳವ್ವ. ಆದರೆ ವ್ಯಾಕರಣವು ಬಾಗಿಲನ್ನು ತೆರೆದಿಟ್ಟಿತೆಂದ ಮಾತ್ರಕ್ಕೆ ಎಲ್ಲರೂ ಒಳಗೆ ಬರಲಿಲ್ಲ. ಹರಿಹರನ ರಗಳೆಯಿಂದ ಕುಂಬಾರ ಗುಂಡಯ್ಯನು ಮನೆಮಾತಾದರೂ ಜನರು ಮಕ್ಕಳಿಗೆ ಗುಂಡಯ್ಯನೆಂದು ಹೆಸರಿಟ್ಟರೇ ಹೊರತು ಕುಂಬಾರಪ್ಪನೆಂದು ಇಡಲಿಲ್ಲ. ಮಾಚಯ್ಯನ ವಿಷಯದಲ್ಲಿ ಇದಕ್ಕೆ ವಿರುದ್ಧವಾಯಿತು. ಹೆಸರಾದ ಮಾಚಯ್ಯನು ಹಿಂದೆ ಸರಿದು ಕಸುಬಾದ ಮಡಿವಾಳನು ಮುಂದೆ ಬಂದನು.

ಇದಕ್ಕೆ ಮೊದಲ ಕಾರಣವು ಪದದಲ್ಲಿಯೇ ಇದೆ. ಅಸಗ, ಅಗಸ ಎಂಬುವು ಬರಿಯ ಕಸುಬನ್ನು ಹೇಳುವುವು. ಮಡಿವಾಳನಲ್ಲಿ ‘ಮಡಿ’ಯಿದೆ. ಮಡಿಯೆಂದರೆ ಒಗೆದ ಬಟ್ಟೆ. ಮಡಿಯೆಂದರೆ ಶುಚಿತ್ವವೂ ಹೌದು. ಪಡೆಯನ್ನು ನಡೆಸುವವನು ಪಡೆವಳನಾದಂತೆ ಮಡಿಯನ್ನು ಮಾಡುವವನು ಮಡಿವಳ, ಬಳಿಕ ಮಡಿವಾಳ. ಊರಿನ ಮೈಲಿಗೆಯನ್ನೆಲ್ಲ ಹೊರುವವನಿಗೆ ಮಡಿಯ ಒಡೆಯನೆಂಬ ಹೆಸರು ಬಂದುದು ಕನ್ನಡ ಭಾಷೆಯ ಸೂಕ್ಷ್ಮಗಳಲ್ಲೊಂದು. ಕೂಸಿಗೆ ‘ಅಗಸಪ್ಪ’ನೆಂದು ಹೆಸರಿಡದ ಮನೆಯು ‘ಮಡಿವಾಳಪ್ಪ’ನೆಂದು ಇಡಲು ಹಿಂಜರಿಯದಿರುವುದಕ್ಕೆ ಈ ಶ್ಲೇಷೆಯು ಸಹಾಯಕವಾಗಿರಬೇಕು.

ಎರಡನೆಯ ಕಾರಣವು ಮಾಚಿದೇವನ ಕಥೆ. ಆತನು ದೇವರ ಹಿಪ್ಪರಗಿಯವನು. ಆತನ ಮುದ್ರಿಕೆ ಕಲಿದೇವರದೇವ. ಮುನ್ನೂರಕ್ಕೂ ಮಿಕ್ಕ ವಚನಗಳು ಉಳಿದಿವೆ. ೧೩ನೆಯ ಶತಮಾನದ ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿಯೂ ೧೩೬೯ರ ಭೀಮಕವಿಯ ಕನ್ನಡ ಬಸವಪುರಾಣದಲ್ಲಿಯೂ ಕಾಣುವ ಮಾಚಯ್ಯನು ವಿನೀತನಾದ ಸೇವಕನಲ್ಲ. ಶರಣರ ಬಟ್ಟೆಗಳನ್ನು ಮಾತ್ರ ಒಗೆಯುವವನು. ಭವಿಯಾದವನು ಆ ಗಂಟನ್ನು ಮುಟ್ಟಕೂಡದೆಂದು ಖಡ್ಗ ಹಿಡಿದು ನಡೆಯುವವನು. ಬಿಜ್ಜಳನು ಆನೆಯನ್ನು ಬಿಟ್ಟರೂ ಸೈನ್ಯವನ್ನು ಅಟ್ಟಿದರೂ ಆತನ ಮುಂದೆ ನಿಲ್ಲಲಾಗಲಿಲ್ಲವೆಂದು ಪುರಾಣವು ಹೇಳುವುದು. ವೀರಶೈವ ಪರಂಪರೆಯು ಆತನನ್ನು ವೀರಭದ್ರನ ಅವತಾರವೆಂದು ಭಾವಿಸಿತು. ಕಲ್ಯಾಣದ ಕೋಲಾಹಲದ ತರುವಾಯ ಶರಣರ ದಂಡಿಗೆ ಕಾವಲಾಗಿ ನಿಂತವನು ಈತನೇ ಎಂಬುದು ಐತಿಹ್ಯ. ಪುರಾಣದ ಈ ಸಂಗತಿಗಳನ್ನು ಇತಿಹಾಸವೆಂದು ಸ್ವೀಕರಿಸಬೇಕಾಗಿಲ್ಲ. ಅವು ಮಾಡಿದ ಕೆಲಸವು ಮಾತ್ರ ಐತಿಹಾಸಿಕವಾದುದು. ಆ ಕಥೆಯನ್ನು ಕೇಳಿದ ಜನರ ಕಿವಿಯಲ್ಲಿ ‘ಮಡಿವಾಳ’ ಎಂಬುದು ಒಗೆಯುವವನ ಹೆಸರಾಗಿ ಉಳಿಯದೆ ಅರಸನ ಎದುರು ನಿಂತವನ ಹೆಸರಾಯಿತು.

ಆ ಬಳಿಕ ಹೆಸರು ಕೈಯಿಂದ ಕೈಗೆ ದಾಟುತ್ತ ಬಂದಿತು. ೧೮-೧೯ನೆಯ ಶತಮಾನಗಳಲ್ಲಿ ಕಲಬುರಗಿಯ ಸೀಮೆಯಲ್ಲಿ ಕಡಕೋಳದ ಮಡಿವಾಳಪ್ಪನು ತತ್ತ್ವಪದಗಳನ್ನು ಹಾಡಿದನು. ೧೯ನೆಯ ಶತಮಾನದಲ್ಲಿ ಧಾರವಾಡದ ಬಳಿಯ ಗರಗದಲ್ಲಿ ಮಡಿವಾಳೇಶ್ವರನೆಂಬ ಯೋಗಿಯಿದ್ದನು. ನವಲಗುಂದದ ನಾಗಲಿಂಗಯತಿ, ಶಿಶುನಾಳದ ಶರೀಫ (೧೮೧೯-೧೮೮೯) ಇವರ ಜತೆಯಲ್ಲಿ ಆತನ ಹೆಸರನ್ನು ಆ ಸೀಮೆಯ ಜನರು ಇಂದಿಗೂ ನೆನೆಯುವರು. ಗರಗದ ಗದ್ದುಗೆಗೆ ಹರಕೆ ಹೊತ್ತು ಪಡೆದ ಮಗುವಿಗೆ ಮಡಿವಾಳಪ್ಪನೆಂದು ಹೆಸರಿಡುವ ತಾಯಿಯ ಮನಸ್ಸಿನಲ್ಲಿ ಇರುವವನು ಗರಗದ ಅಜ್ಜ. ಹಿಪ್ಪರಗಿಯ ಮಾಚಯ್ಯನಲ್ಲ, ಹಳ್ಳದ ದಂಡೆಯ ಒಗೆಯುವ ಬಂಡೆಯಂತೂ ಅಲ್ಲವೇ ಅಲ್ಲ. ಶರಣನಿಂದ ಯೋಗಿಗೆ, ಯೋಗಿಯಿಂದ ಕೂಸಿಗೆ ಇಳಿಯುವ ಪ್ರತಿಯೊಂದು ಮೆಟ್ಟಿಲಲ್ಲಿಯೂ ಕಸುಬಿನ ಅರ್ಥವು ಸವೆಯುತ್ತ ಬಂದು, ಕೊನೆಗೆ ಅನ್ವರ್ಥವು ಕೇವಲ ಅಂಕಿತವಾಯಿತು. ಈ ಸೀಮೆಯಲ್ಲಿ ಒಕ್ಕಲುತನದವರೂ ವ್ಯಾಪಾರಸ್ಥರೂ ಮಠದ ಅಯ್ಯನವರೂ ಈ ಹೆಸರನ್ನು ಧರಿಸಿರುವರು.

ಗೊಲ್ಲಾಳಪ್ಪನೆಂಬ ಹೆಸರಿನ ಹಾದಿಯೂ ಇದೇ. ಸಿಂದಗಿಯ ಸೀಮೆಯ ಗೊಲಗೇರಿಯಲ್ಲಿ ಗೊಲ್ಲಾಳೇಶ್ವರನ ಗುಡಿಯಿದೆ. ಕುರಿ ಕಾಯುವ ಹುಡುಗನು ಕುರಿಯ ಹಿಕ್ಕೆಯನ್ನೇ ಲಿಂಗವೆಂದು ಪೂಜಿಸಿ ಶಿವನನ್ನು ಒಲಿಸಿಕೊಂಡನೆಂಬ ಕಥೆ ಆತನದು. ಗೊಲ್ಲನಾದ ಆಳು ಗೊಲ್ಲಾಳ. ಅವನಿಗೆ ಬೇರೆ ಹೆಸರಿದ್ದುದೇ ಜನರಿಗೆ ನೆನಪಿಲ್ಲ; ಕಸುಬೇ ಹೆಸರಾಗಿ, ಹೆಸರೇ ದೇವರಾಗಿ, ದೇವರೇ ಮತ್ತೆ ಮಕ್ಕಳ ಹೆಸರಾಯಿತು. ಇದೂ ಷಷ್ಠಿಯಿಲ್ಲದ ಪದವೆಂಬುದನ್ನು ಗಮನಿಸಬೇಕು.

ಅಸಗನಿಗೆ ಈ ದಾರಿ ಇರಲಿಲ್ಲ. ಆತನು ಮಾಚಿದೇವನಿಗಿಂತ ಮುನ್ನೂರು ವರ್ಷ ಹಿಂದಿನವನು; ಆತನ ಹೆಸರಿನಲ್ಲಿ ಮಡಿಯ ಶ್ಲೇಷೆಯೂ ಇಲ್ಲ. ಆದುದರಿಂದ ಇನ್ನೊಂದು ರೂಢಿಯನ್ನು ಇಲ್ಲಿ ತರಬೇಕಾಗಿದೆ. ಹುಟ್ಟಿದ ಮಕ್ಕಳು ಉಳಿಯದ ಮನೆಗಳಲ್ಲಿ ಮುಂದಿನ ಕೂಸಿಗೆ ಬೇಕೆಂದೇ ಕೀಳಾದ ಹೆಸರನ್ನಿಡುವುದು ಕನ್ನಡನಾಡಿನ ಹಳೆಯ ಆಚಾರ. ಕೂಸನ್ನು ತಿಪ್ಪೆಯ ಮೇಲೆ ಇಟ್ಟು ಎತ್ತಿಕೊಂಡು ತಿಪ್ಪನೆನ್ನುವರು, ಹುಚ್ಚಪ್ಪನೆನ್ನುವರು, ತಿರುಕಪ್ಪನೆನ್ನುವರು. ತಿರುಕನೆಂದರೆ ಬೇಡಿ ತಿರುಗುವವನು. ಬೇಡುವುದನ್ನೂ ಒಂದು ವೃತ್ತಿಯೆಂದು ಎಣಿಸಿದರೆ ಇದೂ ಕಸುಬಿನ ಹೆಸರೇ. ಉತ್ತರ ಕರ್ನಾಟಕದ ಫಕೀರಪ್ಪನೂ ಇದರ ನೆಂಟನು, ಆದರೆ ಅಲ್ಲಿ ಹರಕೆಯೂ ಬೆರೆತಿದೆ. ಮೃತ್ಯುವಿನ ಕಣ್ಣಿಗೆ ಈ ಕೂಸು ಬೆಲೆಯಿಲ್ಲದ್ದೆಂದು ತೋರಲಿ ಎಂಬುದು ಇದರ ಉದ್ದೇಶ. ತಾಯಿಯ ಬಾಯಲ್ಲಿ ಅದು ಬೈಗುಳವಲ್ಲ, ಬೇಲಿ. ತಿರುಕಪ್ಪನು ಉಂಡುಟ್ಟ ಮನೆಯಲ್ಲಿ ಬೆಳೆದು ಹತ್ತು ಜನರಿಗೆ ಅನ್ನವಿಟ್ಟರೂ ಹೆಸರು ಬದಲಾಗುವುದಿಲ್ಲ. ಪಟುಮತಿಯ ಮಗನು ಅಸಗನಾದುದು ಇಂತಹ ಬೇಲಿಯಿಂದಲೇ ಎಂಬುದು ಊಹೆ ಮಾತ್ರ. ಆದರೆ ಅಶೋಕವನ್ನು ಹಿಂಡಿ ಅಸಗವನ್ನು ತೆಗೆಯುವ ಊಹೆಗಿಂತ ಇದು ನಾಡಿನ ನಡೆವಳಿಕೆಗೆ ಹತ್ತಿರವಾದುದು. ಇನ್ನು ಆತನು ಜಾತಿಯಿಂದ ಅಗಸನೇ ಆಗಿದ್ದನೆಂಬ ಪಕ್ಷ. ಅದು ಅಸಂಭವವೆಂದು ಹೇಳಲು ಆಧಾರವಿಲ್ಲ; ಜಿನಧರ್ಮಕ್ಕೆ ಕಸುಬಿನವರು ಹೊರಗಿನವರಾಗಿರಲಿಲ್ಲ. ಹೆಸರೊಂದರಿಂದಲೇ ಅದು ಸಿದ್ಧವಾಗದು ಎಂಬಷ್ಟೇ ಇಲ್ಲಿಯ ವಾದ. ಅಗಸನೊಬ್ಬನು ಮಹಾಕಾವ್ಯ ಬರೆದಿರಲಾರನೆಂಬ ಅಳುಕಿನಿಂದ ತದ್ಭವವನ್ನು ಹುಡುಕಿದವರಿಗಂತೂ ಈ ವಾದವು ಆಶ್ರಯ ಕೊಡದು.

ಕಸುಬಿನ ಪದವು ಮಗುವಿನ ಹೆಸರಾಗುವುದು ಕನ್ನಡಿಗರಿಗೇ ವಿಶಿಷ್ಟವಲ್ಲ. ಇಂಗ್ಲೆಂಡಿನಲ್ಲಿ ಮನೆತನದ ಹೆಸರುಗಳನ್ನು ಮಕ್ಕಳ ಮುನ್ಹೆಸರಾಗಿ ಇಡುವ ಹೊಸ ರೂಢಿಯನ್ನು ವಿಲಿಯಂ ಕ್ಯಾಮ್ಡನ್ ತನ್ನ ೧೬೦೫ರ ಗ್ರಂಥದಲ್ಲಿಯೇ ಗುರುತಿಸಿದ್ದನು. ಗಾರೆಯವನು, ಪೀಪಾಯಿ ಮಾಡುವವನು, ಹೆಂಚು ಹೊದಿಸುವವನು ಎಂಬ ಅರ್ಥದ ಮೇಸನ್, ಕೂಪರ್, ಟೈಲರ್ ಮೊದಲಾದುವು ಇಂದು ಅಲ್ಲಿ ಕೂಸುಗಳ ಹೆಸರಾಗಿವೆ. ಆದರೆ ಅವು ಕಸುಬಿನಿಂದ ಮನೆತನಕ್ಕೆ, ಮನೆತನದಿಂದ ತೊಟ್ಟಿಲಿಗೆ ಬಂದುವು. ನಮ್ಮ ಮಡಿವಾಳಪ್ಪನು ಗುಡಿಯ ಮಾರ್ಗವಾಗಿ ಬಂದವನು.

ನಮ್ಮಲ್ಲಿ ಮನೆತನದ ಹೆಸರಿನ ಕಥೆಯು ಬೇರೆಯೇ. ಹಳೆಯ ಮೈಸೂರಿನ ಕಡೆ ಊರು ಮತ್ತು ತಂದೆಯ ಹೆಸರುಗಳ ಮೊದಲಕ್ಷರಗಳು ಸಾಕಾಗಿದ್ದುವು. ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ಜಿಲ್ಲೆಗಳಲ್ಲಿ ಅಡ್ಡಹೆಸರು ಬೇರೂರಿತು: ಪಾಟೀಲ, ಕುಲಕರ್ಣಿ, ದೇಸಾಯಿ, ನಾಡಗೌಡ, ಅಂಗಡಿ, ಬಡಿಗೇರ, ಕಂಬಾರ, ಹೂಗಾರ. ಮುಂಬಯಿ ಸರಕಾರವು ೧೯೫೦ರ ಕಾಯಿದೆಯಿಂದ ಕುಲಕರ್ಣಿ ವತನವನ್ನೂ, ಮೈಸೂರು ಸರಕಾರವು ೧೯೬೧ರ ಕಾಯಿದೆಯಿಂದ ಗ್ರಾಮಾಧಿಕಾರಗಳ ವಂಶಪಾರಂಪರ್ಯವನ್ನೂ ತೆಗೆದುಹಾಕಿದುವು. ಅಧಿಕಾರಗಳು ಹೋದುವು, ಅಡ್ಡಹೆಸರುಗಳು ನಿಂತುವು. ಹೀಗಾಗಿ ಧಾರವಾಡದ ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರು ಮಡಿವಾಳಪ್ಪನೆಂದೂ ಅಡ್ಡಹೆಸರು ಪಾಟೀಲನೆಂದೂ ಬರೆದಿದ್ದರೆ, ಆ ಹುಡುಗನ ಮನೆಯವರು ಬಟ್ಟೆ ಒಗೆಯುವವರೂ ಅಲ್ಲ, ಊರಾಳುವವರೂ ಅಲ್ಲ.

ಕರಾವಳಿಗೆ ಇಳಿದರೆ ಇದೇ ಪದವು ಬೇರೆ ಸ್ಥಾನದಲ್ಲಿ ಕಾಣುವುದು. ದಕ್ಷಿಣ ಕನ್ನಡ, ಉಡುಪಿಗಳಲ್ಲಿ ‘ಮಡಿವಾಳ’ ಎಂಬುದು ಹೆಸರಿನ ಕೊನೆಗೆ ಬರುವ ಕುಲಸೂಚಕ. ಅಗಸನೆಂಬುದಕ್ಕೆ ಬದಲಾಗಿ ಆ ಕುಲದವರು ಒಪ್ಪಿಕೊಂಡ ಗೌರವದ ಹೆಸರು ಅದು. ಮಾಚಿದೇವನನ್ನು ಮೂಲಪುರುಷನೆಂದು ಅವರು ಪೂಜಿಸುವರು. ಅಲ್ಲಿ ತಂದೆಯು ಮಗನಿಗೆ ಇಷ್ಟವಾದ ಯಾವ ಹೆಸರನ್ನಿಟ್ಟರೂ ಆ ಪದವು ಹಿಂದಿನಿಂದ ಬಂದು ಸೇರಿಕೊಳ್ಳುವುದು. ಹೆಸರಿನ ಮೊದಲಲ್ಲಿ ನಿಂತಾಗ ಕುಲವನ್ನು ಮರೆಸುವ ಪದವೇ ಹೆಸರಿನ ಕೊನೆಯಲ್ಲಿ ನಿಂತಾಗ ಕುಲವನ್ನು ಸಾರುವುದು. ಘಟ್ಟದ ಮೇಲೆ ಹರಕೆಯಿಂದ ಕೊಟ್ಟ ಹೆಸರನ್ನು ಘಟ್ಟದ ಕೆಳಗೆ ಹೊತ್ತವರಲ್ಲಿ ಕೆಲವರು ಮಕ್ಕಳನ್ನು ಶಾಲೆಗೆ ಸೇರಿಸುವಾಗ ಬರೆಯಿಸದೆ ಬಿಡುವುದೂ ಉಂಟು.